ನೂಕುವುದು, ಎಳೆಯುವುದು

ನಾಪೋಕ್ಲಿನ ಪೋಕರ್ ಕಾಕನ ಶೆಡ್ಡಿನಲ್ಲಿ
ಎರಡು ಗಾಡಿ ನನ್ನನ್ನೇ ನೋಡುತ್ತ ನಿಂತಿದ್ದವು.
ಒಂದು ಮೊಸರಿನ ಬಣ್ಣದ ಪದ್ಮಿನಿ, ಎಂಬತ್ತಾರನೇ ಇಸವಿಯದು.
ಇನ್ನೊಂದು ಮಾರುತಿ. ಪುಸ್ತಕದಲ್ಲಿ ಕೆಂಪು ಎಂದಿದೆ,
ಬಿಸಿಲು ಅದನ್ನು ಕಣದ ಕಾಫಿಹಣ್ಣು ಮಾಡಿದೆ.

"ಇದು ಹಿಂದಿನಿಂದ ನೂಕ್ತದೆ ಸಿಸ್ಟರೇ,
ಅದು ಮುಂದಿನಿಂದ ಎಳೀತದೆ.
ಬಾಕಿ ಎಲ್ಲ ಬಾಯಿಮಾತು."
ಕಾಕ ಚಾಪೆ ಹಾಸಿ ಅಡಿಗೆ ನುಗ್ಗಿ ಟಾರ್ಚು ಬಿಟ್ಟರು.
ನಾನೂ ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ.
ಪದ್ಮಿನಿಯ ಹೊಟ್ಟೆಯಡಿ ಒನಕೆಯಂಥ ದಂಡ,
ಇಂಜಿನ್ನಿನ ಸುತ್ತನ್ನು ಹಿಂದಿನ ಚಕ್ರದವರೆಗೆ ಹೊತ್ತೊಯ್ಯುತ್ತದೆ.
ಮಾರುತಿಗೆ ಅದಿಲ್ಲ. ಎಲ್ಲ ಮೂಗಿನಲ್ಲೇ ಮುಗಿಯುತ್ತದೆ.
ಹಿಂದಿನ ಚಕ್ರಗಳು ಮದುವೆಗೆ ಬಂದ ನೆಂಟರ ಮಕ್ಕಳು,
ಸುಮ್ಮನೆ ಜೊತೆಗೆ ಬರುತ್ತವೆ.

ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದವಳು ನಾನು.
"ಮುಕ್ಕು, ಇನ್ನೊಂದು ಸಲ, ಮುಕ್ಕು" ಎಂದೇ ಗಂಟಲು ಹೋಗಿದೆ.
ಇಕ್ಕಳ ಹಾಕಿ ಎಳೆಯುವುದು ಮಡಿಕೇರಿಯ ಡಾಕ್ಟರ ಕೆಲಸ.
ಮನಸ್ಸು ಪದ್ಮಿನಿಯ ಕಡೆಗೇ ವಾಲಿತು.

ಆದರೆ ಕೊಳಕೇರಿಯ ಆ ಏರು?
ಜನವರಿ. ಸಡಿಲ ಜಲ್ಲಿ, ಅದರ ಮೇಲೆ ಸಿಲ್ವರ್ ಓಕಿನ ಎಲೆ.
ಪದ್ಮಿನಿ ಅರ್ಧಕ್ಕೆ ಬಂದು ಸೊಂಟ ತಿರುಗಿಸಿತು.
ಕಾಕ ಇಳಿದು ಡಿಕ್ಕಿಗೆ ಎರಡು ಮೂಟೆ ಚೆರಿ ಹೇರಿಸಿ,
ಕಣದಲ್ಲಿ ಕಾಫಿ ಕೆದಕುತ್ತಿದ್ದ ಚೋಂದಮ್ಮನನ್ನೂ
ಹಿಂದಿನ ಸೀಟಿಗೆ ಕರೆದರು.
ತೂಕ ಬಿತ್ತು.
ಹತ್ತಿತು, ಕೆಮ್ಮಿಕೊಂಡು.

ಕೆಳಗಿಳಿದು ಮಾರುತಿ ತಂದೆ.
ಅದೇ ಜಾಗದಲ್ಲಿ ಮುಂಗಾಲು ಕೆದರಿ ನಿಂತಿತು,
ಹಗ್ಗಕ್ಕೆ ಬಗ್ಗದ ಕರು.
ಕಾಕ ನಕ್ಕರು. "ತಿರುಗಿಸಿ. ರಿವರ್ಸಲ್ಲಿ ಹತ್ತಿಸಿ."

ಕುತ್ತಿಗೆ ಹಿಂದಕ್ಕೆ, ಒಂದು ಕೈ ಸೀಟಿನ ಮೇಲೆ,
ಬೆನ್ನು ಮುಂದಾಗಿ ಏರಿದೆ.
ನಡುನಡುವೆ ಗಾಜಿನತ್ತ ಒಂದು ಕಳ್ಳನೋಟ:
ಗದ್ದೆ, ಕಾವೇರಿಯ ತಿರುವು, ಆಸ್ಪತ್ರೆಯ ತಗಡು,
ಎಲ್ಲ ನನ್ನನ್ನು ಬಿಟ್ಟು ಇಳಿದು ಹೋಗುತ್ತಿದ್ದವು.
ಕಾಲು ಮುಂದಾಗಿ ಬಂದ ಮಕ್ಕಳು ಏಳು, ನನ್ನ ಲೆಕ್ಕದಲ್ಲಿ.
ಏಳೂ ಬದುಕಿವೆ. ಒಬ್ಬ ಲಾರಿ ಓಡಿಸುತ್ತಾನೆ.

ಮೇಲೆ ಪದ್ಮಿನಿಯೊಳಗೆ ಚೋಂದಮ್ಮ ಇನ್ನೂ ಕೂತಿದ್ದರು,
ಇಳಿಯುವ ಲಕ್ಷಣವಿಲ್ಲ.
"ಇದೇ ತಗೊಳ್ಳಿ ಸಿಸ್ಟರ್, ಸೀಟು ಮೆತ್ತಗಿದೆ."
ಅದಕ್ಕೆ ನಲವತ್ತು ಸಾವಿರ, ಇದಕ್ಕೆ ಮೂವತ್ತೆಂಟು.

ಚೀಲ ಬಿಚ್ಚಿ ಮುಂಗಡ ಎಣಿಸಿದೆ.
ಯಾವುದಕ್ಕೆಂದು ಕಾಕ ಕೇಳಲಿಲ್ಲ.
ನನ್ನ ಕುತ್ತಿಗೆ ಇನ್ನೂ
ಹಿಂದಕ್ಕೇ ತಿರುಗಿಕೊಂಡಿತ್ತು.