ಗಾಜಿನ ಪಟ್ಟಿ

ಮೊದಲು ಕ್ವಾರಿಯಲ್ಲಿ ಬಂಡೆ ಸಿಡಿಸಿದರು ಅಂದುಕೊಂಡೆವು.
ರಾತ್ರಿ ಎರಡೂವರೆಗೆ ಯಾರು ಸಿಡಿಸುತ್ತಾರೆ ಎಂದು
ಬೈಯಲು ಬಾಯಿ ತೆರೆದಿದ್ದೆ,
ಅಷ್ಟರಲ್ಲಿ ಮಂಚ ನಡೆಯಿತು.

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದು ಹದಿನೇಳು ಮನೆಯ ಬೀದಿ.
ಹನ್ನೊಂದು ಸೆಕೆಂಡು ಎಂದರು ಆಮೇಲೆ ರೇಡಿಯೋದಲ್ಲಿ.
ನನ್ನ ಲೆಕ್ಕ ಬೇರೆ:
ಅಂಗಡಿಯಲ್ಲಿ ಒರಗಿಸಿಟ್ಟ ಗಾಜಿನ ಹಾಳೆ ನಲವತ್ತು,
ಒಂದರ ಹಿಂದೊಂದು ಮಲಗಿದ ಸದ್ದು ಕೇಳಿದೆ,
ಕೊನೆಯದು ಬೀಳುವ ಹೊತ್ತಿಗೆ ನೆಲ ಸುಮ್ಮನಾಗಿತ್ತು.

ಹೊರಗೆ ಓಡಿಬಂದವರ ಕೈಯಲ್ಲಿ ಏನೇನಿತ್ತು ಎಂದು ಈಗಲೂ ನಗುತ್ತೇವೆ.
ಪಿಯೂಸ್ ಮಾಸ್ತರರು ಮಿಕ್ಸಿಯ ಮುಚ್ಚಳ ಹಿಡಿದು ನಿಂತಿದ್ದರು,
ಬೀಬಿಜಾನ್ ಒಂದೇ ಚಪ್ಪಲಿ, ಅದೂ ಗಂಡನದು.
ನಾನು? ಇಂಚುಪಟ್ಟಿ.
ಹಾಲಮ್ಮ ಹೊರಗೆ ಬಂದಿದ್ದಳು.
ಮತ್ತೆ ಒಳಗೆ ಹೋದಳು, ಕರುವಿನ ಹಗ್ಗ ಬಿಚ್ಚಲು.
ಇಲ್ಲಿಗೆ ಬಂದಾಗ ನಗು ನಿಲ್ಲುತ್ತದೆ, ಯಾರಾದರೊಬ್ಬರು
ಚಹಾಕ್ಕೆ ನೀರಿಡಲು ಏಳುತ್ತಾರೆ.
ಕರುವಿಗೆ ಈಗ ಕೋಡು ಮೂಡಿದೆ.

ಇಪ್ಪತ್ತಾರು ರಾತ್ರಿ ಕಾಲೇಜು ಮೈದಾನದಲ್ಲಿ,
ಭತ್ತ ಮುಚ್ಚುವ ತಾಡಪಾಲಿನ ಕೆಳಗೆ.
ಒಂದೇ ಹಂಡೆಯ ಸಾರು, ಉಪ್ಪು ಯಾವತ್ತೂ ಹೆಚ್ಚು,
ಹಾಕಿದೆನೋ ಇಲ್ಲವೋ ಎಂದು ಮೂವರು ಮೂರು ಸಲ ಹಾಕುತ್ತಿದ್ದರು.
ಮೋರಿ ಗೋಡೆಯ ವಿಷಯಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ
ಚೌಡಪ್ಪ, ದ್ಯಾವಪ್ಪ ಒಂದೇ ಕಂಬಳಿಯಲ್ಲಿ ಮಲಗಿದರು.
ಗೋಡೆಯೇ ಇರಲಿಲ್ಲವಲ್ಲ.
ಲಾರಿ ಹೋದರೆ ಸಾಕು, ಮೈದಾನವಿಡೀ ಎದ್ದು ಕೂರುತ್ತಿತ್ತು.
ಮಕ್ಕಳು ಮಾತ್ರ ಹೊಸ ಆಟ ಕಲಿತವು:
ಒಬ್ಬ ಭೂಮಿ, ಉಳಿದವರು ಮನೆ.
ಭೂಮಿಯಾಗಲು ಎಲ್ಲರಿಗೂ ಜಗಳ.

ಆಮೇಲೆ ಇಂಜಿನಿಯರಮ್ಮ ಬಂದಳು, ವನಮಾಲಾ ಎಂದು, ತೀರಾ ಚಿಕ್ಕ ಪ್ರಾಯ.
ಡಾಕ್ಟರು ನಾಲಿಗೆ ನೋಡುವ ಹಾಗೆ ಬಿರುಕು ನೋಡಿದಳು.
"ಗಾಜು ಬೇಕು," ಅಂದಳು, "ಎರಡು ಬೆರಳಗಲ, ಗೇಣುದ್ದ.
ಬಿರುಕಿಗೆ ಅಡ್ಡ ಅಂಟಿಸುವುದು, ಎರಡು ತುದಿಗೂ ಸಿಮೆಂಟಿನ ಉಂಡೆ.
ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ.
ಒಡೆಯದಿದ್ದರೆ, ಒಳಗೆ ಮಲಗಿ."

ಗಾಜು! ನನ್ನ ಹತ್ತಿರ ಉಳಿದದ್ದು ಅದೊಂದೇ, ಅದೂ ಚೂರು.
ಮೂವತ್ತು ವರ್ಷ ದೇವರಿಗೆ, ಮದುವೆಗೆ, ಸತ್ತವರಿಗೆ ಕಟ್ಟು ಹಾಕಿದವನು
ಮೊದಲ ಸಲ ಗೋಡೆಗೆಂದು ಕತ್ತರಿಸಿದೆ.
ಇನ್ನೂರ ಹನ್ನೆರಡು ಪಟ್ಟಿ.
ದುಡ್ಡು ಕೇಳಲಿಲ್ಲ. ಕೇಳಲಿಲ್ಲ ಎಂದು
ಸಿಕ್ಕವರಿಗೆಲ್ಲ ಹೇಳುತ್ತೇನಲ್ಲ, ಅದೇ ಕೂಲಿ.
ಒಂದೊಂದರ ಮೇಲೂ ಮಾಸ್ತರರು ದುಂಡಕ್ಷರದಲ್ಲಿ ತಾರೀಖು ಬರೆದರು.

ಬೆಳಿಗ್ಗೆ ಎದ್ದರೆ ದೇವರಿಗಿಂತ ಮುಂಚೆ ಗಾಜಿಗೆ ಮುಖ ತೋರಿಸುವುದು.
"ಹ್ಯಾಗಿದೆ ನಿಮ್ಮದು?"
"ಹಾಗೇ ಇದೆ. ನಿಮ್ಮದು?"
ಬೀಬಿಜಾನಳ ಅಡಿಗೆಮನೆಯದು ನಾಲ್ಕನೇ ದಿನ ಒಡೆಯಿತು.
ಎರಡು ಚೂರನ್ನೂ ತಂದು ನನ್ನ ಕೈಗಿಟ್ಟು
"ಸ್ವಲ್ಪ ಗಟ್ಟಿ ಗಾಜು ಕೊಡಬಾರದಿತ್ತೇನೋ, ಗುತ್ಯಪ್ಪ" ಅಂದಳು.
ಆ ಗೋಡೆ ನಾವೇ ಇಳಿಸಿದೆವು, ಒಂದೇ ದಿನ.
ಎಬ್ಬಿಸಲು ಐದು ತಿಂಗಳು:
ಪರಿಹಾರದ ಪಟ್ಟಿಯಲ್ಲಿ ಅವಳು 'ಬಿ. ಜಾನ್, ಗಂಡು' ಆಗಿದ್ದಳು.

ಮಳೆ ಹಿಡಿಯುವ ಮುಂಚೆ ಚೌಡಪ್ಪ ಮೋರಿಗೆ ಹೊಸ ಗೋಡೆ ಕಟ್ಟಿದ,
ದ್ಯಾವಪ್ಪನ ಕಡೆಗೆ ಅರ್ಧ ಅಡಿ ಹೆಚ್ಚು.
ಆ ಸಂಜೆಯ ಬೈಗುಳಕ್ಕೆ
ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು.
ಯಾರೂ ಬಿಡಿಸಲು ಹೋಗಲಿಲ್ಲ, ಕೇಳಲು ಅಷ್ಟು ಹಿತವಾಗಿತ್ತು.

ನಿನ್ನೆ ಹಾಲಮ್ಮನ ಮಗಳು ಫೋಟೋ ತಂದಳು,
ರೇಷನ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ. ಮೂಗಿನ ಮೇಲೆ ಅರ್ಧ ಸೀಲು.
ಶಿವಮೊಗ್ಗದಿಂದ ಬಂದ ಹೊಸ ಹಾಳೆ ಹಾಸಿ
ವಜ್ರದ ಮೊನೆ ಒತ್ತಿ ಎಳೆದೆ, ಕಿರ್ರ್.
ಎದುರಿನ ಹೊಲಿಗೆ ಮಿಷನ್ನು ನಿಂತಿತು.
ಯಾರದೋ ಮನೆಯ ರುಬ್ಬುವ ಸದ್ದು ನಿಂತಿತು.
ಹದಿನೇಳು ಮನೆಯೂ ತಮ್ಮ ತಮ್ಮ ಗೋಡೆ ನೋಡಿಕೊಂಡವು.

ಅಂಚು ಹಿಡಿದು ಮುರಿದೆ, ಟಕ್.
ಮಿಷನ್ನು ಮತ್ತೆ ಹೊರಟಿತು.