ಮೂರನೇ ಬೆಲ್ಟಿನಲ್ಲಿ ನಿಂಬೆ

ಇಜ್ಮಿರ್ ನಿಲ್ದಾಣ, ಮೂರನೇ ಬೆಲ್ಟು, ಬೆಳಗಿನ ಪಾಳಿ.
ನನ್ನೆದುರಿಗೆ ಜನ ಬರುವುದಿಲ್ಲ, ಅವರ ಬಚ್ಚಲುಮನೆ ಬರುತ್ತದೆ
ಗಾಜಿನಂಥ ಪುಟ್ಟ ಚೀಲದಲ್ಲಿ, ಜಿಪ್ಪು ಹಾಕಿಕೊಂಡು.

ಕೆಮ್ಮಿನ ಔಷಧದ ಸೀಸೆಯಲ್ಲಿ ಶಾಂಪೂ,
ಕಣ್ಣಿನ ಹನಿಯ ಡಬ್ಬಿಯಲ್ಲಿ ಮುಖದ ಎಣ್ಣೆ,
ಮದುವೆಗೆ ಹೊರಟ ಮಾವನ ಮೀಸೆಯ ಕಪ್ಪು
ಅತ್ತೆಯ ಚೀಲದಲ್ಲಿ, ಅತ್ತೆಯದೇ ಎಂಬಂತೆ.
ಟೂತ್‌ಪೇಸ್ಟು ಹೇಗೆ ದ್ರವ ಎಂದು ವಾದಕ್ಕೆ ನಿಂತ
ಲೆಕ್ಕದ ಮೇಷ್ಟರಿಗೆ ಹೇಳಿದೆ:
ಹಿಂಡಿದರೆ ಬರುವುದೆಲ್ಲ ದ್ರವವೇ ಗುರುಗಳೇ.
ಹಾಗಾದರೆ ನನ್ನ ಸಂಬಳವೂ, ಅಂದರು.

ಒಂಬತ್ತೂ ಇಪ್ಪತ್ತಕ್ಕೆ ರುಹಿ ಉಸ್ತಾ.
ಕರಂತಿನಾದ ಕ್ಷೌರಿಕ, ಕೇಳದೆಯೇ ಹೇಳಿದರು;
ಇದೇ ಮೊದಲ ವಿಮಾನ. ಬ್ರೆಮೆನ್ನಿನಲ್ಲಿ ಹಳೆಯ ಶಿಷ್ಯ
ಅಂಗಡಿ ತೆರೆಯುತ್ತಾನಂತೆ,
ಮೊದಲ ಗಡ್ಡ ಇವರ ಕೈಯಿಂದಲೇ ಆಗಬೇಕಂತೆ.
ಕತ್ತಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕುವಷ್ಟು ಬಲ್ಲವರು.
ಕೈಚೀಲದಲ್ಲಿ ಮಾತ್ರ ನಿಂಬೆ ಕೊಲೋನು:
ನಾನೂರು ಮಿಲಿಯ ಗಾಜಿನ ಸೀಸೆ, ತಳದಲ್ಲಿ ಎರಡು ಬೆರಳು.

ನೂರಕ್ಕಿಂತ ಕಡಿಮೆಯೇ ಇದೆಯಲ್ಲ ಮಗಳೇ,
ನಿನ್ನೆ ಚಹಾದ ಲೋಟದಲ್ಲಿ ಅಳೆದೆ.

ಇದೆ. ಆದರೆ ಕಾಯಿದೆ ಅಳೆಯುವುದು ಸೀಸೆಯನ್ನು.
ತುಂಬಿದ ಕೊಡವೋ ಅರೆಕೊಡವೋ ಅದಕ್ಕೆ ಬೇಕಿಲ್ಲ;
ಎಷ್ಟಿದೆ ಎಂದಲ್ಲ,
ಎಷ್ಟಿರಬಹುದಿತ್ತು ಎಂದು ಕೇಳುತ್ತದೆ.
ದಿನಕ್ಕೆ ಎಂಬತ್ತು ಸಲ ಹೇಳುವ ಮಾತು.
ಅವರು ತಲೆಯೋರೆ ಮಾಡಿ ಕೇಳಿಸಿಕೊಂಡರು,
ಗಿರಾಕಿಯ ನೆತ್ತಿಯ ಸುಳಿ ನೋಡುವವರಂತೆ.

ತೊಟ್ಟಿ ತೋರಿಸಿದೆ.
ಉಸ್ತಾ ಬಿರಡೆ ತೆಗೆದರು. ಹಿಂದಕ್ಕೆ ತಿರುಗಿದರು.

ಕೈ ನೀಡಿ ಎಂದು ಹೇಳಬೇಕಾಗಲಿಲ್ಲ ಯಾರಿಗೂ.
ನಮ್ಮಲ್ಲಿ ಸೀಸೆ ವಾಲಿದರೆ ಅಂಗೈ ತಾನೇ ಚಾಚುತ್ತದೆ,
ದೂರದ ಬಸ್ಸಿನಲ್ಲಿ, ಹಬ್ಬದಲ್ಲಿ, ಸಾವಿನ ಮನೆಯಲ್ಲಿ.
ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡಿದ್ದವನು
ಒಂದೇ ಕೈ ಚಾಚಿದ.
ಕಾಲುಚೀಲದಲ್ಲಿ ನಿಂತ ವಕೀಲೆ. ವಾಲಿಬಾಲಿನ ಹುಡುಗಿಯರು.
ಕುಡಿಯಬೇಕೇನೋ ಎಂದು ಗಾಬರಿಯಾದ ಜರ್ಮನ್ ಮುದುಕ
ಪಕ್ಕದವರನ್ನು ನೋಡಿ ಕುತ್ತಿಗೆಗೆ ಸವರಿಕೊಂಡ.
ತಲೆಗೆ ಮೂರು ಹನಿ, ಹೆಚ್ಚಿಲ್ಲ ಕಡಿಮೆಯಿಲ್ಲ;
ಐವತ್ತು ವರ್ಷದ ಮಣಿಕಟ್ಟಿಗೆ ಲೋಟ ಬೇಡ.

ಕೊನೆಗೆ ನನ್ನ ಕಡೆ.
ಕೆಲಸದಲ್ಲಿದ್ದೇನೆ, ಅಂದೆ. ಗವಸಿದೆ, ಅಂದೆ.
ಗವಸಿನ ಮೇಲೆಯೇ ಹನಿಸಿದರು,
ಖಾಲಿ ಸೀಸೆಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡರು.
ಖಾಲಿಯನ್ನು ತಡೆಯುವ ಕಾಯಿದೆ ಇನ್ನೂ ಬಂದಿಲ್ಲ.

ಆಮೇಲೆ ನಾನು ಮುಟ್ಟಿದ್ದೆಲ್ಲ ನಿಂಬೆ:
ಯಾರದೋ ಬೂಟು, ಲ್ಯಾಪ್‌ಟಾಪು, ಮಗುವಿನ ಹಾಲಿನ ಬಾಟಲಿ.
ಹತ್ತೂವರೆಗೆ ಗವಸು ಬದಲಿಸಬೇಕು. ಕಳಚಿದೆ.
ಪರಿಮಳ ಅದರ ಜೊತೆಗೇ ತೊಟ್ಟಿಗೆ ಹೋಯಿತು.
ಕೈ ಮೂಸಿಕೊಂಡೆ: ಬರೀ ರಬ್ಬರು.

ಸಾಲಿನಲ್ಲಿ ಯಾರೋ ಆಗಿನಿಂದ ಕೇಳುತ್ತಿದ್ದರು,
ಲಿಪ್‌ಸ್ಟಿಕ್ಕೂ ಲೆಕ್ಕಕ್ಕೆ ಬರುತ್ತದಾ ಎಂದು.