ಅರ್ಧ ಕುದುರೆ

ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ
ಒಡೆದ ತಕ್ಕಡಿ, ಬೀಗವಿಲ್ಲದ ಕೀಲಿಕೈಗಳ ನಡುವೆ
ಅಂಗಾತ ಬಿದ್ದಿತ್ತು ಸಾಗವಾನಿಯ ತುಂಡು.
‘ಸಾಬೂನಿನ ಪೆಟಗಿ ಇರಬೇಕ್ರಿ’ ಅಂದ ಗುಜರಿಯವ.
ತಗ್ಗಿನಲ್ಲಿ ಬೆರಳಾಡಿಸಿದೆ:
ಗೊರಸು, ಜೀನು, ಬಾಗಿದ ಕೊರಳು,
ಎಲ್ಲ ಇತ್ತು, ಕುದುರೆಯೊಂದು ಬಿಟ್ಟು.
ನಲವತ್ತು ರೂಪಾಯಿ ಕೊಟ್ಟೆ.

ಪಂಪ್‌ಸೆಟ್ಟಿನ ಅಂಗಡಿಯಲ್ಲಿ ಲೆಕ್ಕ ಬರೆಯುವವಳು ನಾನು.
ಮನೆಯ ಕಪಾಟಿನಲ್ಲಿ ಸಕ್ಕರೆ ಅಚ್ಚು ಅರವತ್ತೆರಡು ಜೋಡಿ:
ಗದಗಿನ ಆನೆ, ಬ್ಯಾಡಗಿಯ ಗಿಳಿ,
ಲಕ್ಷ್ಮೇಶ್ವರದ ತೊಟ್ಟಿಲು, ಅದರೊಳಗಿನ ಕೂಸಿಗೆ
ಕಡಲೆಕಾಳಿನಷ್ಟು ಮುಖ.

ಧಾರವಾಡದ ಮುಧೋಳಕರ ಡಾಕ್ಟರ ಬಳಿಯೂ ಇವೆ,
ಗಾಜಿನ ಪೆಟ್ಟಿಗೆಯಲ್ಲಿ, ಮೇಲೊಂದು ಬಲ್ಬು.
‘ನೀರು ಸೋಕಿಸಬೇಡಿ, ಹಾಳಾಗುತ್ತವೆ’ ಅನ್ನುತ್ತಾರೆ.
ವಾರ್ನಿಶ್ ಕುಡಿದ ಆ ಗೌರಿ
ಇನ್ನು ಯಾವ ಹುಣ್ಣಿಮೆಗೂ ಹೊರಗೆ ಬರಲಾರಳು.

ನಾನು ಹುಣ್ಣಿಮೆಯ ಹಿಂದಿನ ರಾತ್ರಿ
ಎಲ್ಲವನ್ನೂ ಬಕೀಟಿಗೆ ಹಾಕುತ್ತೇನೆ.
ಕತ್ತಲಲ್ಲಿ ಕಟ್ಟಿಗೆ ನೀರು ಕುಡಿಯುವ ಸದ್ದು,
ಒಂದು ಗುಳ್ಳೆ, ಬಹಳ ಹೊತ್ತಿನ ಮೇಲೆ ಇನ್ನೊಂದು.
ಮೊದಲ ವರ್ಷ ಇದು ಗೊತ್ತಿರಲಿಲ್ಲ.
ಆನೆ ಅಂಟಿಕೊಂಡಿತು, ಸೂಜಿ ಹಾಕಿ ಎಬ್ಬಿಸಿದೆ,
ಅಚ್ಚಿನ ಕಣ್ಣೇ ಕಿತ್ತುಬಂತು.
ಅಂದಿನಿಂದ ನಮ್ಮನೆಯ ಆನೆಗಳೆಲ್ಲ ಒಕ್ಕಣ್ಣಿನವು.

ಹಳೇ ಹುಬ್ಬಳ್ಳಿಯ ಬತ್ತಾಸದ ಚೆನ್ನವ್ವ ಕಲಿಸಿದಳು:
‘ಪಾಕಕ್ಕ ಹಾಲು ಚಿಮುಕಿಸಿ ಹೊಲಸು ತಗಿ.
ಬೋಗುಣಿ ಅಂಚಿಗೆ ಸೌಟಿನಿಂದ ತಿಕ್ಕು, ಇನ್ನೂ ತಿಕ್ಕು.
ಬೆಳ್ಳಗಾತೇನಂತ ನೋಡಬ್ಯಾಡ, ಕೇಳು.
ಸರಸರ ಅನ್ನೂದು ನಿಂತಿತೋ, ಸುರಿ!’

ಆದರೆ ಅರ್ಧ ಅಚ್ಚು ಪಾಕ ಹಿಡಿಯುವುದಿಲ್ಲ.
ಅದಕ್ಕೇ ಅಳಿಯನ ಹುಟ್ಟುಹಬ್ಬಕ್ಕೆ ತುಪ್ಪ ಸವರಿ
ಚಾಕೊಲೇಟ್ ಕರಗಿಸಿ ಸುರಿದೆ. ಫ್ರಿಜ್ಜಿನಲ್ಲಿ ಒಂದು ತಾಸು.
ಬೋರಲು ಹಾಕಿ ತಟ್ಟಿದರೆ
ಗೋಡೆಯಿಂದ ಕಿತ್ತಂಥ ಕರಿಯ ಕುದುರೆ,
ಹೊಟ್ಟೆಯ ಮೇಲೆ, ಜೀನಿನ ಕೆಳಗೆ, ಅಕ್ಷರ!
ಕಟ್ಟಿಗೆಯಲ್ಲಿ ತಿರುಗುಮುರುಗಾಗಿ
ಬರೀ ಗೀರು ಅಂದುಕೊಂಡಿದ್ದು
ಇಲ್ಲಿ ನೆಟ್ಟಗೆ ನಿಂತಿತ್ತು: ಮುಳಗುಂದ.
ಹುಡುಗ ‘ಗುಂದ’ದಿಂದ ಶುರುಮಾಡಿದ.

ಮುಳಗುಂದದಲ್ಲಿ ಮೂರು ಮನೆ ಕೇಳಿ
ನಾಲ್ಕನೆಯದು ರಾಜೇಸಾಬ ಮಿಠಾಯಿಗಾರರದು.
ಎಂಬತ್ತರ ಮುದುಕ. ತುಂಡನ್ನು ಮೂಗಿಗೆ ಹಿಡಿದ,
ಕಣ್ಣಿಗೆ ಆಮೇಲೆ.
‘ಪಾಲ ಆದಾಗ ಹದಿನೇಳು ಜೋಡಿ ಇದ್ದುವು, ತಂಗಿ.
ಎಂಟು ಅಣ್ಣಗ, ಎಂಟು ನನಗ.
ಉಳದದ್ದು ಕುದುರಿ. ಇಬ್ಬರೂ ಬಿಡಲಿಲ್ಲ.
ಹಿರ್ಯಾರು ದಾರ ಬಿಚ್ಚಿ
ಅವನ ಕೈಯಾಗೊಂದು, ನನ್ನ ಕೈಯಾಗೊಂದು ಇಟ್ಟರು.
ಅವತ್ತಿಂದ ಯಾರ ಮನ್ಯಾಗೂ ಕುದುರಿ ಇಲ್ಲ.’

ಎದ್ದು ಹೋದವ ಬಂದ. ಕೈಯಲ್ಲಿ ಇನ್ನೊಂದು ಅರ್ಧ,
ಹೊರಸಿನ ಕಾಲಡಿ ಐವತ್ತು ವರ್ಷ ಕೂತು ಒಣಗಿದ್ದು.

ಎರಡನ್ನೂ ನೆನೆಹಾಕಿದೆವು. ಕಟ್ಟಿದೆವು.
ಕೂಡಲಿಲ್ಲ. ಉಗುರು ತೂರುವಷ್ಟು ಸಂದು.
‘ಇರಲಿ, ಸುರಿ’ ಅಂದ.
ಸಂದಿನಿಂದ ಸಕ್ಕರೆ ಸೋರಿ
ಬೆನ್ನುದ್ದಕ್ಕೂ ಒಂದು ತೆಳು ಪೊರೆ ನಿಂತಿತು,
ಯಾವ ಬಡಿಗನೂ ಕೆತ್ತದ ಆಯಾಲು.
ಎಡಗಡೆ ಮುಳಗುಂದ. ಬಲಗಡೆ
ಬಡಿಗೇರ ಮಾನಪ್ಪ.

ಊರೆಲ್ಲ ನೆಕ್ಕಿ ಮುಗಿಸಿದ್ದ ಹೆಸರು!
ರಾಜೇಸಾಬ ಓದಿದ, ಮತ್ತೊಮ್ಮೆ ಓದಿದ.
‘ನನಗ ಸಕ್ಕರಿ ಬ್ಯಾನಿ’ ಎನ್ನುತ್ತ
ಆ ಪೊರೆಯನ್ನಷ್ಟೆ ಮುರಿದು ಬಾಯಿಗಿಟ್ಟುಕೊಂಡ.

ತನ್ನ ಅರ್ಧ ಮಾತ್ರ ಕೊಡಲಿಲ್ಲ.
‘ವರ್ಷಾ ಹುಣ್ಣಿಮಿಗೆ ನಿನ್ನದು ತಗೊಂಡು ಬಾ.’
ಹೊರಸಿನ ಕಾಲಡಿ ಈಗ ಇಟ್ಟಿಗೆಯ ಚೂರು.

ಗದಗಿನ ಬಸ್ಸಿನಲ್ಲಿ, ತೊಡೆಯ ಮೇಲೆ ವಹಿ ಬಿಚ್ಚಿ,
ಅರವತ್ತಮೂರು ಅಂತ ಬರೆದಿದ್ದನ್ನು ಹೊಡೆದುಹಾಕಿ
ಅರವತ್ತೆರಡೂವರೆ ಎಂದು ತಿದ್ದಿದೆ.
ಚೀಲದ ಬಾಯಿಗೆ ಆಗಲೇ ಇರುವೆ.